ಕಣ ಚಿಕ್ಕದು, ಕಟ್ಟಿಹಾಕುವುದು ಕಷ್ಟ

ಹಳೆಯ ಸೀರೆಯನ್ನು ನಾಲ್ಕು ಮಡಿಕೆ ಮಾಡಿ ಕೊಡದ ಬಾಯಿಗೆ ಹಿಡಿದು ನೀರು ಸೋಸಿದರೆ ಕಾಲರಾ ಅರ್ಧದಷ್ಟು ತಗ್ಗುತ್ತದೆ. ಬಾಂಗ್ಲಾದೇಶದ ಹಳ್ಳಿಗಳಲ್ಲಿ ರೀಟಾ ಕೋಲ್ವೆಲ್ ಅವರ ತಂಡ ಇದನ್ನು ಪರೀಕ್ಷಿಸಿ 2003ರಲ್ಲಿ ಪ್ರಕಟಿಸಿತು. ಇಳಿಕೆ ಶೇ 48. ರೋಗಾಣು ಅಂಟಿಕೊಂಡ ಪುಟ್ಟ ಜಲಜೀವಿಗಳು ಬಟ್ಟೆಯಲ್ಲಿ ಸಿಕ್ಕಿಬೀಳುತ್ತವೆ. ಆದರೆ ಅದೇ ದೇಶದ ಕೊಳವೆಬಾವಿಗಳ ಆರ್ಸೆನಿಕ್ ನೀರಿನಲ್ಲಿ ಕರಗಿರುವಂಥದ್ದು, ಎಷ್ಟು ಮಡಿಕೆ ಹಾಕಿದರೂ ನಿಲ್ಲದು. ಸೋಸಿ ಸಿಗದ್ದನ್ನು ಅಂಟಿಸಿಕೊಂಡೇ ಹಿಡಿಯಬೇಕು. ಅಂಟಲು ಜಾಗ ಬೇಕು.

ನ್ಯಾನೊ ಕಣದ ಹೆಚ್ಚುಗಾರಿಕೆ ಆ ಜಾಗದಲ್ಲಿದೆ. ಒಂದು ಸೆಂಟಿಮೀಟರ್ ಘನದ ಮೇಲ್ಮೈ 6 ಚದರ ಸೆಂ.ಮೀ. ಅದನ್ನೇ 10 ನ್ಯಾನೊಮೀಟರ್‌ನ ಘನಗಳಾಗಿ ಕತ್ತರಿಸಿದರೆ ಒಟ್ಟು ಮೇಲ್ಮೈ 600 ಚದರ ಮೀಟರ್. ಬೆಂಗಳೂರಿನ ಲೆಕ್ಕದಲ್ಲಿ 30×40 ಅಡಿಯ ಐದು ಸೈಟುಗಳಿಗಿಂತ ಹೆಚ್ಚು.

ನ್ಯಾನೊ ಕಣವನ್ನು ಮಾಲಿನ್ಯದ ಮೇಲೆ ಮೊದಮೊದಲು ಪ್ರಯೋಗಿಸಿದವರಲ್ಲಿ ಅಮೆರಿಕದ ಲೀಹೈ ವಿಶ್ವವಿದ್ಯಾಲಯದ ವೇ-ಶಿಯಾನ್ ಜಾಂಗ್ ಒಬ್ಬರು. 1990ರ ದಶಕದಲ್ಲಿ ಅವರು ಬಳಸಿದ್ದು ಕಬ್ಬಿಣದ ನ್ಯಾನೊ ಕಣ. ತಾನು ತುಕ್ಕು ಹಿಡಿಯುತ್ತಲೇ ಕಬ್ಬಿಣ ಎಲೆಕ್ಟ್ರಾನುಗಳನ್ನು ಕೊಟ್ಟು, ಅಂತರ್ಜಲಕ್ಕಿಳಿದ ಕ್ಲೋರಿನ್‌ಯುಕ್ತ ದ್ರಾವಕಗಳನ್ನು ಒಡೆಯುತ್ತದೆ. ಗಾಜಿನ ಪಾತ್ರೆಯಲ್ಲಿ ಸೊಗಸಾದ ಕೆಲಸ. ನೆಲಕ್ಕೆ ಇಳಿಸಿದಾಗ ಕಣಗಳು ಒಂದಕ್ಕೊಂದು ಅಂಟಿ ಮುದ್ದೆಯಾಗಿ, ದೂರ ಹೋಗದೆ ಮಣ್ಣಲ್ಲೇ ಕೂತವು. ನನ್ನ ಮಟ್ಟಿಗೆ ಈ ಕ್ಷೇತ್ರದ ನಿಜವಾದ ಚರಿತ್ರೆ ಶುರುವಾಗುವುದು ಈ ಮುದ್ದೆಯಿಂದ. ಚಿಕ್ಕ ಕಣ ಮಾಡುವುದು ಬಂದಿತ್ತು. ಅದನ್ನು ಎಲ್ಲಿ, ಹೇಗೆ ನಿಲ್ಲಿಸುವುದೆಂದು ತಿಳಿದಿರಲಿಲ್ಲ.

ಹಲವರು ಹಲವು ದಾರಿ ಹಿಡಿದರು. 2004ರಲ್ಲಿ ಬನಾರಸ್ ಹಿಂದೂ ವಿಶ್ವವಿದ್ಯಾಲಯ ಮತ್ತು ಅಮೆರಿಕದ ರೆನ್ಸಲಿಯರ್ ಸಂಸ್ಥೆಯವರು ಇಂಗಾಲದ ನ್ಯಾನೊ ನಳಿಕೆಗಳಿಂದಲೇ ಫಿಲ್ಟರ್ ಕಟ್ಟಿ ಪೋಲಿಯೊ ವೈರಸ್ಸನ್ನೂ ತಡೆದರು. 2006ರಲ್ಲಿ ರೈಸ್ ವಿಶ್ವವಿದ್ಯಾಲಯದ ವಿಕಿ ಕಾಲ್ವಿನ್ ತಂಡ ಕಣಗಳನ್ನು ನೀರಿನಲ್ಲಿ ಸ್ವತಂತ್ರವಾಗಿ ಬಿಟ್ಟಿತು: 12 ನ್ಯಾನೊಮೀಟರ್‌ನ ಮ್ಯಾಗ್ನೆಟೈಟ್ ಆರ್ಸೆನಿಕ್ ಹಿಡಿದ ಮೇಲೆ ದುರ್ಬಲ ಅಯಸ್ಕಾಂತದಿಂದಲೇ ಎಳೆದು ತೆಗೆಯಬಹುದಿತ್ತು.

ನಮ್ಮಲ್ಲಿ ನೀರಿನ ಮಾಲಿನ್ಯದ ವಿಷಯ ಮನೆಮಾತಾದದ್ದು ಕೀಟನಾಶಕದ ಗಲಾಟೆಯಿಂದ. 2003ರಲ್ಲಿ ಬಾಟಲಿ ನೀರಿನಲ್ಲಿ, ಆಮೇಲೆ ತಂಪು ಪಾನೀಯಗಳಲ್ಲಿ ಕೀಟನಾಶಕ ಇದೆಯೆಂಬ ವರದಿ ಬಂದಿತು. ಆ ಹೊತ್ತಿಗೆ ಮದ್ರಾಸ್ ಐಐಟಿಯ ಟಿ. ಪ್ರದೀಪ್ ಚಿನ್ನ, ಬೆಳ್ಳಿಯ ನ್ಯಾನೊ ಕಣಗಳು ಎಂಡೋಸಲ್ಫಾನ್, ಕ್ಲೋರ್‌ಪೈರಿಫಾಸ್‌ಗಳಂಥವನ್ನು ನೀರಿನಿಂದ ತೆಗೆಯಬಲ್ಲವೆಂದು ತೋರಿಸುತ್ತಿದ್ದರು. 2007ಕ್ಕೆ ಆ ತಂತ್ರ ಮನೆ ಫಿಲ್ಟರಿನೊಳಗೆ ಬಂತು. 2009ರ ಡಿಸೆಂಬರಿನಲ್ಲಿ ಬಂದ ಟಾಟಾ ಸ್ವಚ್ಛ್ ಫಿಲ್ಟರ್ ಭತ್ತದ ಹೊಟ್ಟಿನ ಬೂದಿಗೆ ರೋಗಾಣು ಕೊಲ್ಲುವ ಬೆಳ್ಳಿ ಕಣ ಕೂರಿಸಿತು. ಕರೆಂಟು ಬೇಡ, ನಲ್ಲಿ ಬೇಡ, ಆಗಿನ ಬೆಲೆ ಸಾವಿರ ರೂಪಾಯಿಯೊಳಗೆ.

ಬೆಳ್ಳಿಗೆ ಇನ್ನೊಂದು ಕಾಟವಿತ್ತು. ನೀರಿನ ಲವಣಗಳು ಮೇಲೆ ಮೆತ್ತಿಕೊಂಡರೆ ಬೆಳ್ಳಿ ಬಿಡುಗಡೆಯಾಗುವುದೇ ನಿಲ್ಲುತ್ತಿತ್ತು. ಪ್ರದೀಪ್ ತಂಡದ 2013ರ ಉತ್ತರ, ಸೀಗಡಿ ಚಿಪ್ಪಿನಿಂದ ಸಿಗುವ ಕೈಟೊಸಾನ್ ಮತ್ತು ಅಲ್ಯೂಮಿನಿಯಂ ಸಂಯುಕ್ತದ ಪಂಜರ. ಕಣ ಒಳಗೆ ಭದ್ರ, ಬೆಳ್ಳಿ ಅಯಾನು ಮಾತ್ರ ಹದವಾಗಿ ಹೊರಗೆ. ಮರಳಿನಂಥ ಹರಳು, ಒಂದು ಕುಟುಂಬಕ್ಕೆ ವರ್ಷಕ್ಕೆ ಎರಡೂವರೆ ಡಾಲರ್ ಎಂಬ ಅಂದಾಜು. ಇದೇ ಕ್ರಮದಲ್ಲಿ ಕಬ್ಬಿಣ ಬಳಸಿ ಆರ್ಸೆನಿಕ್‌ಗಾಗಿ ಮಾಡಿದ್ದಕ್ಕೆ ‘ಅಮೃತ್’ ಎಂದು ಹೆಸರು.

ಕರ್ನಾಟಕದ ಹಳ್ಳಿಗಳಲ್ಲಿ ನಾಣ್ಯ ಹಾಕಿ ಕ್ಯಾನು ತುಂಬಿಸುವ ಘಟಕಗಳು ಹೆಚ್ಚಾಗಿ ಆರ್‌ಒ (ರಿವರ್ಸ್ ಆಸ್ಮೋಸಿಸ್) ತಂತ್ರವನ್ನು ನಂಬಿದವು. ಫ್ಲೋರೈಡ್ ಹೋಗುತ್ತದೆ ನಿಜ, ಜೊತೆಗೆ ಕೊಳವೆಬಾವಿಯ ನೀರಿನ ದೊಡ್ಡ ಪಾಲು ಚರಂಡಿಗೆ ಹೋಗುತ್ತದೆ. ಹರಳಿನ ಫಿಲ್ಟರಿಗೆ ಆ ದೋಷವಿಲ್ಲ. ಅದರ ದೋಷ ಬೇರೆ: ಆರ್ಸೆನಿಕ್ ಮಾಯವಾಗುವುದಿಲ್ಲ, ನೀರಿನಿಂದ ಹರಳಿಗೆ ಮನೆ ಬದಲಿಸುತ್ತದೆ. ಕಸುವು ತೀರಿದ ಹರಳನ್ನು ತಿಪ್ಪೆಗೆ ಸುರಿದರೆ, ಗಾಳಿಯಾಡದ ಅದರ ಒಡಲಲ್ಲಿ ಕಬ್ಬಿಣ ಕರಗಿ ಆರ್ಸೆನಿಕ್ ಮತ್ತೆ ಹೊರಬೀಳಬಹುದು. ಬಂಗಾಳದ ಕೊಳವೆಬಾವಿಗಳಿಗೆ ಅದು ಸೇರಿದ್ದೂ ಹೆಚ್ಚುಕಡಿಮೆ ಇದೇ ದಾರಿಯಲ್ಲಿ.