ಕೊಟ್ಟ ಕಡ್ಡಿಗೆ ರಶೀದಿ ಇಲ್ಲ: ಹೊಸೂರು–ಕೃಷ್ಣಗಿರಿ ಸೀಮೆಯ ಕುಂಡದ ಗಿಡಗಳ ಚರಿತ್ರೆ

(ಆನ್‌ಲೈನ್ ವಿಚಾರ ಸಂಕಿರಣದಲ್ಲಿ ಮಂಡಿಸಿದ ಪ್ರಬಂಧದ ಲಿಖಿತ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿಕೊಳ್ಳಲಾಗಿದೆ.)

ಧ್ವನಿ ಕೇಳಿಸ್ತಿದೆ ಅಂದುಕೊಂಡು ಶುರು ಮಾಡ್ತೀನಿ. ಶೀರ್ಷಿಕೆ ನೋಡಿ ಕೆಲವರಿಗೆ ಇದು ತೋಟಗಾರಿಕೆ ವಿಭಾಗದ ಪ್ರಬಂಧ ಇರಬೇಕು ಅನ್ನಿಸಿರಬಹುದು. ನಾನು ಕನ್ನಡ ಎಂ.ಎ. ವಿದ್ಯಾರ್ಥಿ. ನನ್ನ ಪ್ರಶ್ನೆಯೂ ಕನ್ನಡದ್ದೇ. ಒಂದು ಮನೆಯಿಂದ ಇನ್ನೊಂದು ಮನೆಗೆ ಕಡ್ಡಿಯಾಗಿ, ಎಲೆಯಾಗಿ, ಮರಿಯಾಗಿ ಹೋದ ಗಿಡಕ್ಕೆ ಯಾವ ಕಚೇರಿಯಲ್ಲೂ ಕಡತ ಇರೋದಿಲ್ಲ. ಹಾಗಿದ್ದರೆ ಅದರ ಚರಿತ್ರೆಗೆ ಆಕರ ಯಾವುದು? ಆ ಗಿಡದ ಜೊತೆಗೇ ಕೈಯಿಂದ ಕೈಗೆ ಹೋದ ಮಾತು, ಅಂತ ನಾನು ವಾದಿಸ್ತೀನಿ. ಈಗ ಆ ಮಾತೇ ತೆಳ್ಳಗಾಗುತ್ತಿದೆ.

1. ಕಡತದಲ್ಲಿರುವ ಗಿಡಗಳು

ಮೊದಲು ಕಡತ ಇರುವ ಕಡೆಗೆ ಹೋಗೋಣ. ಇಂದಿನ ಕೃಷ್ಣಗಿರಿ ಜಿಲ್ಲೆ ಹುಟ್ಟಿದ್ದು 2004ರಲ್ಲಿ. ಆದರೆ ಅದರ ಎರಡು ಭಾಗಗಳು ಕಂಪನಿಯ ಕೈಗೆ ಬಂದದ್ದು ಬೇರೆ ಬೇರೆ ಹೊತ್ತಿನಲ್ಲಿ. ಕೃಷ್ಣಗಿರಿ ಇರುವ ಬಾರಾಮಹಲ್ ಸೀಮೆ 1792ರ ಶ್ರೀರಂಗಪಟ್ಟಣ ಒಪ್ಪಂದದಲ್ಲಿ ಮೈಸೂರಿನಿಂದ ಹೋಯಿತು. ಘಟ್ಟದ ಮೇಲಿನ ಹೊಸೂರು ಸೀಮೆ, ಅಂದರೆ ಬಾಲಾಘಾಟ್, ಟಿಪ್ಪು ಬಿದ್ದ ಮೇಲೆ 1799ರಲ್ಲಿ ಹೋಯಿತು. ಅಲ್ಲಿಂದ ಮುಂದೆ ಸೇಲಂ, ಧರ್ಮಪುರಿ, ಕೃಷ್ಣಗಿರಿ ಅಂತ ಜಿಲ್ಲೆಯ ಹೆಸರು ಬದಲಾಗ್ತಾ ಬಂತು. ಮನೆಗಳಲ್ಲಿ ಕನ್ನಡ, ತೆಲುಗು, ತಮಿಳು ಮೂರೂ ಉಳಿದವು.

ಹೊಸೂರಿನಿಂದ ಸುಮಾರು 40 ಕಿಲೋಮೀಟರ್ ದೂರದ ಬೆಂಗಳೂರಿನಲ್ಲಿ ಹೈದರ್ ಅಲಿ 1760ರಲ್ಲಿ ಲಾಲ್‌ಬಾಗ್ ಶುರು ಮಾಡಿದ್ದ. 1800ರಲ್ಲಿ ಮದ್ರಾಸಿನಿಂದ ಹೊರಟು ಬಂದ ಫ್ರಾನ್ಸಿಸ್ ಬುಕಾನನ್ ಚೌಕ ಚೌಕವಾಗಿ ವಿಂಗಡಿಸಿದ ಆ ತೋಟವನ್ನೂ ದಾರಿಯ ಬದಿಯ ಸೈಪ್ರೆಸ್ ಮರಗಳನ್ನೂ ಬರೆದಿಟ್ಟ. 1856ರಲ್ಲಿ ಅದು ಸರ್ಕಾರಿ ಸಸ್ಯೋದ್ಯಾನವಾಯಿತು. ಜಾನ್ ಕ್ಯಾಮರನ್, ಆಮೇಲೆ ಕ್ರುಂಬಿಗಲ್ ಹೊರದೇಶಗಳಿಂದ ಗಿಡ ತರಿಸಿದರು. ಸೀಮೆಬದನೆ ಬೆಂಗಳೂರಿಗೆ ಬಂದದ್ದು ಕ್ಯಾಮರನ್ ಕಾಲದಲ್ಲಿ ಅಂತ ಸಾಮಾನ್ಯವಾಗಿ ಹೇಳ್ತಾರೆ. ಸ್ವಾತಂತ್ರ್ಯದ ನಂತರ ಡಾ. ಎಂ.ಎಚ್. ಮರಿಗೌಡರು ರಾಜ್ಯದ ತಾಲೂಕುಗಳಲ್ಲಿ ತೋಟಗಾರಿಕೆ ಕ್ಷೇತ್ರ, ಸಸ್ಯಕ್ಷೇತ್ರಗಳನ್ನು ತೆರೆಸಿದರು. ಆದರೆ 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಹೊಸೂರು ಮದ್ರಾಸ್ ರಾಜ್ಯದಲ್ಲೇ ಉಳಿದಿತ್ತು. ಮರಿಗೌಡರ ಇಲಾಖೆಯ ವ್ಯಾಪ್ತಿ ಅತ್ತಿಬೆಲೆಗೆ ನಿಂತುಹೋಯಿತು.

ಇಲಾಖೆ ನಿಂತಿತು, ಗಿಡ ನಿಲ್ಲಲಿಲ್ಲ. ಲಾಲ್‌ಬಾಗಿನ ಪಕ್ಕದ ಸಿದ್ದಾಪುರದ ನರ್ಸರಿಗಳನ್ನು ನೋಡಿ. ಬೆಂಗಳೂರಿನ ತೋಟಗಳನ್ನು ಕಟ್ಟಿದವರಲ್ಲಿ ಕರಗದ ತಿಗಳ ಸಮುದಾಯ ಮುಖ್ಯ. ಅವರಲ್ಲಿ ಅನೇಕರ ಮನೆಮಾತು ತಮಿಳಿಗೆ ಹತ್ತಿರದ್ದು. ಕನ್ನಡದ ರಾಜಧಾನಿಯಲ್ಲಿ ತಮಿಳು ಬೇರಿನ ಕೈಗಳು ಸಸಿ ಮಾಡುತ್ತಿದ್ದವು, ತಮಿಳುನಾಡಿನ ಅಂಚಿನಲ್ಲಿ ಕನ್ನಡದ ಮನೆಗಳು ಅವನ್ನು ಕುಂಡಕ್ಕೆ ಹಾಕಿಕೊಳ್ಳುತ್ತಿದ್ದವು. ಗಡಿಯ ಚರಿತ್ರೆಯನ್ನು ಬರೀ ಜಗಳದ ಚರಿತ್ರೆಯಾಗಿ ಓದುವವರಿಗೆ ಈ ಸಂಗತಿ ಕಾಣೋದಿಲ್ಲ.

2. ಕಡತದಲ್ಲಿಲ್ಲದ ಗಿಡಗಳು

ಇನ್ನು ಮನೆಯ ಜಗಲಿಗೆ ಬರೋಣ. ನಮ್ಮ ಕಡೆಯ ಮನೆಗಳಲ್ಲಿ ಹಳೇ ಬಕೆಟ್ಟು, ಎಣ್ಣೆ ಡಬ್ಬ, ಒಡೆದ ಕೊಡಗಳಲ್ಲಿ ಏನೇನು ಇರುತ್ತೆ? ತುಳಸಿ, ದೊಡ್ಡಪತ್ರೆ, ಮನಿ ಪ್ಲಾಂಟು, ಹಾವಿನ ಗಿಡ, ಕಾಡುಬಸಳೆ, ಬ್ರಹ್ಮಕಮಲ. ತುಳಸಿ ಬಿಟ್ಟರೆ ಉಳಿದವನ್ನು ಯಾರೂ ಬೀಜದಿಂದ ಬೆಳೆಸೋದಿಲ್ಲ, ಎಲ್ಲವೂ ಯಾರೋ ಕೊಟ್ಟವು.

ಬ್ರಹ್ಮಕಮಲವನ್ನೇ ತೆಗೆದುಕೊಳ್ಳಿ. ಹಿಮಾಲಯದ ಬ್ರಹ್ಮಕಮಲ ಬೇರೆ. ನಮ್ಮ ಕುಂಡದಲ್ಲಿರೋದು ಮೆಕ್ಸಿಕೊ, ಮಧ್ಯ ಅಮೆರಿಕದ ಕಡೆಯಿಂದ ಬಂದ ಒಂದು ಪಾಪಾಸುಕಳ್ಳಿ ಜಾತಿ. ನಾವು ಎಲೆ ಅನ್ನೋದು ನಿಜಕ್ಕೂ ಎಲೆಯಲ್ಲ, ಚಪ್ಪಟೆಯಾದ ಕಾಂಡ. ಅದಕ್ಕೇ ಅದನ್ನು ಮುರಿದು ಒಂದೆರಡು ದಿನ ನೆರಳಲ್ಲಿ ಗಾಯ ಒಣಗಿಸಿ ಮಣ್ಣಿಗೆ ಸಿಕ್ಕಿಸಿದರೆ ಬೇರು ಬಿಡುತ್ತೆ. ಹೂವು ಅರಳೋದು ರಾತ್ರಿ, ಬೆಳಗಾಗುವಷ್ಟರಲ್ಲಿ ಬಾಡುತ್ತೆ. ಆದ್ದರಿಂದ ಅಕ್ಕಪಕ್ಕದವರನ್ನು ಕರೆಯಲೇಬೇಕು. ಕರೆದವರಿಗೆ ಅರಿಶಿನ ಕುಂಕುಮ ಕೊಟ್ಟ ಹಾಗೇ ಒಂದು ಎಲೆಯನ್ನೂ ಕೊಡುತ್ತಾರೆ. ಸೀಮೆಬದನೆಯ ಹೆಸರಿನಲ್ಲಿ ಅದು ಹೊರಗಿನಿಂದ ಬಂದದ್ದು ಅನ್ನೋ ಗುರುತು ಇನ್ನೂ ಇದೆ. ಬ್ರಹ್ಮಕಮಲದ ಹೆಸರಿನಲ್ಲಿ ಆ ಗುರುತೇ ಇಲ್ಲ. ಕೈಯಿಂದ ಕೈಗೆ ಹೋಗ್ತಾ ಹೋಗ್ತಾ ಪರದೇಶದ ಗಿಡವೊಂದು ಪುರಾಣದ ಒಳಗೇ ಸೇರಿಕೊಂಡಿತು.

ಹಾವಿನ ಗಿಡದ ಪಾಠ ಇನ್ನೂ ಸೂಕ್ಷ್ಮ. ಇದು ಆಫ್ರಿಕಾದ್ದು. ಹಳದಿ ಅಂಚಿನ ಹಾವಿನ ಗಿಡದ ಎಲೆಯನ್ನು ತುಂಡು ಮಾಡಿ ನೆಟ್ಟರೆ ಹುಟ್ಟುವ ಗಿಡದಲ್ಲಿ ಹಳದಿ ಅಂಚು ಇರೋದಿಲ್ಲ, ಬರೀ ಹಸಿರು. ಗೆಡ್ಡೆಯ ಸಮೇತ ಮರಿ ಕಿತ್ತು ಕೊಟ್ಟರೆ ಮಾತ್ರ ಅಂಚು ಉಳಿಯುತ್ತೆ. ಆದ್ದರಿಂದ ‘ಎಲೆ ಬೇಡ, ಮರಿ ತಗೊಂಡು ಹೋಗು’ ಅನ್ನುವ ಮಾತು ಉಪಚಾರದ ಮಾತಲ್ಲ. ಅದರಲ್ಲಿ ಒಂದು ಪ್ರಯೋಗದ ಫಲಿತಾಂಶ ಇದೆ. ಯಾರೋ ಎಲೆ ನೆಟ್ಟು ನೋಡಿ, ಅಂಚು ಕಳೆದುಕೊಂಡು, ಮುಂದಿನವರಿಗೆ ಹೇಳಿದ್ದಾರೆ.

3. ಮೂರು ಭಾಷೆ, ಒಂದು ಚಾಕು

ಈಗ ಪದಗಳು. ಎರಡು ಗಿಡಗಳನ್ನು ಕೂಡಿಸಿ ಒಂದು ಮಾಡೋದಕ್ಕೆ ತಮಿಳಿನಲ್ಲಿ ‘ಒಟ್ಟು’, ತೆಲುಗಿನಲ್ಲಿ ‘ಅಂಟು’. ಎರಡೂ ಅಂಟಿಸುವ ಅರ್ಥದ ಪದಗಳು. ಕನ್ನಡದಲ್ಲಿ ‘ಕಸಿ’. ಕಿತ್ತುಕೊಳ್ಳು ಅನ್ನುವ ‘ಕಸಿ’ಯೂ ಇದೇ ರೂಪದ್ದು. ಎರಡರ ವ್ಯುತ್ಪತ್ತಿ ಒಂದೇ ಅಂತ ನಾನು ವಾದಿಸ್ತಿಲ್ಲ. ಆದರೆ ಕೇಳುವ ಕಿವಿಗೆ ಎರಡೂ ಒಟ್ಟಿಗೇ ಕೇಳುತ್ತವೆ. ‘ಮನಿ ಪ್ಲಾಂಟು ಕದ್ದು ತಂದರೇನೇ ಹುಲುಸಾಗಿ ಬೆಳೆಯೋದು’ ಅನ್ನೋ ನಂಬಿಕೆ ಎಲ್ಲರಿಗೂ ಗೊತ್ತು, ಅಲ್ವಾ? ತಾಯಿಗಿಡದಿಂದ ಕಿತ್ತದ್ದು ಇನ್ನೊಂದು ಕಡೆ ಜೀವ ಹಿಡಿಯುತ್ತೆ ಅನ್ನೋದನ್ನು ಜನ ತಮಾಷೆಯಾಗಿ ಹೇಳಿಕೊಂಡ ರೀತಿ ಅದು. ಹೊಸೂರಿನ ಒಂದೇ ಬೀದಿಯಲ್ಲಿ ಒಟ್ಟು, ಅಂಟು, ಕಸಿ ಮೂರೂ ಓಡಾಡುತ್ತವೆ. ಚಾಕು ಮಾತ್ರ ಒಂದೇ.

ಇನ್ನೊಂದು ಪದ ‘ಗೂಟಿ’. ರೆಂಬೆ ಗಿಡದಲ್ಲೇ ಇರುವಾಗ ಸುಮಾರು ಎರಡು ಮೂರು ಸೆಂಟಿಮೀಟರ್ ಅಗಲಕ್ಕೆ ಉಂಗುರದ ಹಾಗೆ ತೊಗಟೆ ತೆಗೆದು, ಒದ್ದೆ ಪಾಚಿಯನ್ನೋ ತೆಂಗಿನ ನಾರಿನ ಪುಡಿಯನ್ನೋ ಇಟ್ಟು, ಪ್ಲಾಸ್ಟಿಕ್ ಸುತ್ತಿ ಕಟ್ಟೋದು. ಎಲೆಯಲ್ಲಿ ತಯಾರಾದ ಆಹಾರ ತೊಗಟೆಯ ಮೂಲಕ ಕೆಳಗೆ ಇಳಿಯಬೇಕು, ಅಲ್ಲಿ ದಾರಿ ಕಡಿದಿದೆ. ನೀರು ಒಳಗಿನ ಕಟ್ಟಿಗೆಯ ಮೂಲಕ ಏರುತ್ತಲೇ ಇರುತ್ತೆ. ಉಂಗುರದ ಮೇಲ್ಗಡೆ ಸಂಗ್ರಹವಾದದ್ದು ಬೇರಾಗುತ್ತೆ. 19ನೆಯ ಶತಮಾನದ ಇಂಗ್ಲಿಷ್ ತೋಟಗಾರಿಕೆ ಕೈಪಿಡಿಗಳೂ ಇದನ್ನು ‘ಗೂಟಿ’ ಅಂತಲೇ ಕರೆದಿವೆ. ದೊರೆಗಳು ಗಿಡ ತಂದರು ನಿಜ, ಆದರೆ ಕೆಲಸದ ಪದವನ್ನು ಇಲ್ಲಿನ ಮಾಲಿಗಳಿಂದ ತೆಗೆದುಕೊಂಡರು.

ಕನ್ನಡದಲ್ಲಿ ಈ ವಿದ್ಯೆ ಬರಹಕ್ಕೆ ಇಳಿದೇ ಇರಲಿಲ್ಲ ಅಂತಲೂ ಅಲ್ಲ. ಇಮ್ಮಡಿ ಚಾವುಂಡರಾಯನ ‘ಲೋಕೋಪಕಾರ’ ಕ್ರಿ.ಶ. 1025ರ ಸುಮಾರಿನದು. ಅದರಲ್ಲಿ ವೃಕ್ಷಾಯುರ್ವೇದಕ್ಕೇ ಒಂದು ಅಧ್ಯಾಯ ಇದೆ. ಜ್ಯೋತಿಷ, ವಾಸ್ತು, ಅಡುಗೆಗಳ ಜೊತೆಗೆ ಗಿಡದ ಆರೈಕೆಯೂ ಗೃಹಸ್ಥನಿಗೆ ಬೇಕಾದ ತಿಳಿವಳಿಕೆ ಅಂತ ಆ ಕವಿ ಭಾವಿಸಿದ್ದ. ನಮ್ಮ ಪಠ್ಯಕ್ರಮದಲ್ಲಿ ಪಂಪ, ರನ್ನರ ಪಕ್ಕದಲ್ಲಿ ಆ ಕೃತಿಗೆ ಒಂದು ಸಾಲಿನ ಜಾಗ ಸಿಕ್ಕರೆ ಹೆಚ್ಚು.

4. ಕಡ್ಡಿಗೆ ಬೆಲೆ ಬಂದಾಗ

ಕೃಷ್ಣಗಿರಿ ಮಾವಿನ ಜಿಲ್ಲೆ. ನಾವು ಗಿಣಿಮೂತಿ ಅನ್ನುವ ತೋತಾಪುರಿಯನ್ನು ಅಲ್ಲಿ ‘ಬೆಂಗಳೂರಾ’ ಅಂತಲೂ ಕರೀತಾರೆ. ಅದರ ತೋಟಗಳು ನಿಂತಿರೋದು ಕಸಿಯ ಮೇಲೆ. ಹೊಸೂರು ಸುಮಾರು 900 ಮೀಟರ್ ಎತ್ತರದ ತಂಪು ಊರು, ಅದಕ್ಕೇ ಅಲ್ಲಿ ಗುಲಾಬಿ ಬಂತು. ತಮಿಳುನಾಡು ಸರ್ಕಾರದ ಟಿಡ್ಕೊ ಪಾಲುದಾರಿಕೆಯ ಟ್ಯಾನ್‌ಫ್ಲೋರಾ ಹಸಿರುಮನೆಗಳು, ತಳಿ ಎಂಬ ಊರಿನ ಇಂಡೋ–ಇಸ್ರೇಲ್ ಹೂ ಬೆಳೆ ಕೇಂದ್ರ, ಫೆಬ್ರವರಿ 14ಕ್ಕೆ ವಿಮಾನ ಹತ್ತುವ ಹೂಗಳು ಎಲ್ಲರಿಗೂ ಗೊತ್ತು.

ಗುಲಾಬಿಯನ್ನು ಸಾಮಾನ್ಯವಾಗಿ ಮಾಡೋದು ಕಣ್ಣು ಕಸಿಯಲ್ಲಿ. ಗಟ್ಟಿ ಬೇರಿನ ಒಂದು ಗಿಡಕ್ಕೆ ಬೇಕಾದ ತಳಿಯ ಮೊಗ್ಗನ್ನು ಕೂರಿಸುತ್ತಾರೆ. ವಿದೇಶಿ ತಳಿಗಾರರ ತಳಿಗಳಿಗೆ ಗಿಡದ ಲೆಕ್ಕದಲ್ಲಿ ರಾಯಧನ ಕೊಡುವ ಪದ್ಧತಿ ಇದೆ. ಅಂದರೆ ಅಲ್ಲಿ ಒಂದು ಕಡ್ಡಿಯನ್ನು ಸುಮ್ಮನೆ ಪಕ್ಕದವರಿಗೆ ಕೊಡುವ ಹಾಗಿಲ್ಲ. 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆ ತಳಿಗಾರರ ಹಕ್ಕನ್ನೂ, ಬೀಜ ಉಳಿಸಿ ಹಂಚಿಕೊಳ್ಳುವ ರೈತರ ಹಕ್ಕನ್ನೂ ಒಟ್ಟಿಗೇ ಹೇಳುತ್ತೆ. ಜಗಲಿಯ ಅಜ್ಜಿಗೆ ಈ ಕಾಯ್ದೆ ಬೇಕಿಲ್ಲ. ಆದರೆ ನೋಡಿ, ಅದೇ ಮಣ್ಣು, ಅದೇ ಹವೆ, ಅದೇ ಕೈಚಳಕ. ಬೇಲಿಯ ಆಚೆ ಕಡ್ಡಿ ಕೊಡೋದು ಒಪ್ಪಂದಕ್ಕೆ ಸೇರಿದ ವಿಷಯ. ಈಚೆ ಕೊಡದೇ ಇರೋದು ಜಿಪುಣತನ.

5. ಬೋನ್ಸಾಯ್ ಬೈಗುಳವೇ?

ನಮ್ಮ ವಿಮರ್ಶೆಯ ಮಾತಿನಲ್ಲಿ ಬೋನ್ಸಾಯ್ ಅಂದರೆ ಹೆಚ್ಚಾಗಿ ಬೈಗುಳ. ಬೆಳೆಯಲು ಬಿಡದ್ದು, ಕೈಕಾಲು ಕಟ್ಟಿದ್ದು ಅನ್ನೋ ಅರ್ಥ. ಜಪಾನಿ ಪದದಲ್ಲಿ ‘ಕುಳ್ಳು’ ಅನ್ನುವ ಅರ್ಥವೇ ಇಲ್ಲ. ಚೀನಾದಿಂದ ಅಲ್ಲಿಗೆ ಹೋದ ಆ ಪದಕ್ಕೆ ತಟ್ಟೆಯಂಥ ಕುಂಡದಲ್ಲಿ ನೆಟ್ಟದ್ದು ಅಂತಷ್ಟೇ ಅರ್ಥ. ಕುಬ್ಜ ವೃಕ್ಷ, ವಾಮನ ವೃಕ್ಷ ಅಂತ ಗಾತ್ರದ ಕಡೆ ಬೊಟ್ಟು ಮಾಡಿದವರು ನಾವು.

ಕೆಲಸ ಮಾಡಿ ನೋಡಿದರೆ ಚಿತ್ರ ಬೇರೆ. ನಮ್ಮ ಕಡೆ ಮಳೆ ಬಿದ್ದ ಮೇಲೆ ಹಳೇ ಗೋಡೆ, ಬಾವಿಕಟ್ಟೆ, ನೀರಿನ ಟ್ಯಾಂಕಿನ ಬಿರುಕಿನಲ್ಲಿ ಆಲ, ಅರಳಿ, ಬಸರಿ ಸಸಿಗಳು ಕಾಣ್ತವೆ. ಹಕ್ಕಿ ಹಾಕಿದ ಬೀಜ, ಚಿಟಿಕೆ ಮಣ್ಣು, ವರ್ಷಗಟ್ಟಲೆ ಗೇಣುದ್ದ. ಗೋಡೆ ಉಳಿಸೋದಕ್ಕೆ ಹೇಗೂ ಕೀಳಬೇಕಾದ ಆ ಸಸಿಯನ್ನು ಜೋಪಾನವಾಗಿ ಕಿತ್ತು ಕುಂಡಕ್ಕೆ ಹಾಕಿದರೆ ಬೋನ್ಸಾಯ್‌ಗೆ ಅರ್ಧ ಕೆಲಸ ಆದ ಹಾಗೆ. ಕೆಮ್ಮಣ್ಣು, ದಪ್ಪ ಮರಳು, ಇಟ್ಟಿಗೆ ಚೂರು, ಎಲೆಗೊಬ್ಬರ ಸಾಕು, ನೀರು ನಿಲ್ಲಬಾರದು ಅಷ್ಟೇ. ಎಳೆ ಗಿಡವನ್ನು ಎರಡು ವರ್ಷಕ್ಕೊಮ್ಮೆ ಹೊರಗೆ ತೆಗೆದು, ಸುತ್ತಿಕೊಂಡ ಬೇರಿನ ಮೂರನೇ ಒಂದು ಭಾಗದಷ್ಟು ಕತ್ತರಿಸಿ, ಹೊಸ ಮಣ್ಣು ಕೊಡಬೇಕು. ‘ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ’ ಅನ್ನೋ ಗಾದೆ ಇಲ್ಲೂ ನಿಜ. ತಂತಿ ಸುತ್ತೋದು ಎಳೆ ರೆಂಬೆಗೆ, ಅದು ತೊಗಟೆಯನ್ನು ಕಚ್ಚುವ ಮೊದಲೇ ಬಿಚ್ಚಬೇಕು. ಇದರಲ್ಲಿ ಉಪವಾಸ ಕೆಡವುವ ಕೆಲಸ ಎಲ್ಲೂ ಇಲ್ಲ. ಬೇರು ಕತ್ತರಿಸೋದು ಹೊಸ ಬೇರು ಬರಲಿ ಅಂತ. ಬೇಸಿಗೆಯಲ್ಲಿ ಎರಡು ದಿನ ಮರೆತರೆ ಅದು ಸತ್ತೇ ಹೋಗಬಹುದು.

6. ಪಣಕ್ಕಿರುವುದು ಏನು

ಈ ಮಾತನ್ನು ಭಾಷೆಯ ಕಡೆಗೆ ತರಲೇಬೇಕು. ತಮಿಳುನಾಡಿನ 2006ರ ತಮಿಳು ಕಲಿಕಾ ಕಾಯ್ದೆ ಒಂದನೇ ತರಗತಿಯಿಂದ ಹಂತ ಹಂತವಾಗಿ ತಮಿಳನ್ನು ಕಡ್ಡಾಯ ಮಾಡಿತು. 2015–16ರ ಹೊತ್ತಿಗೆ ಅದು ಹತ್ತನೇ ತರಗತಿಗೆ ತಲುಪಿತು. ಇರುವ ನಾಡಿನ ಭಾಷೆ ಕಲಿಯೋದು ನ್ಯಾಯವೇ, ಅದರ ಬಗ್ಗೆ ನನಗೆ ತಕರಾರಿಲ್ಲ. ಆದರೆ ಹೊಸೂರು, ಡೆಂಕಣಿಕೋಟೆ, ತಳಿ ಕಡೆಯ ಎಷ್ಟೋ ಮನೆಗಳಲ್ಲಿ ಕನ್ನಡ ಈಗ ಓದುವ ಭಾಷೆಯಾಗಿ ಅಲ್ಲ, ಜಗಲಿಯ ಭಾಷೆಯಾಗಿ ಮಾತ್ರ ಉಳಿಯುವ ಸ್ಥಿತಿ ಇದೆ. ಅಂಥ ಕನ್ನಡಕ್ಕೆ ದೊಡ್ಡ ಬಯಲು ಸಿಗೋದಿಲ್ಲ. ಅದು ಕುಂಡದ ಗಿಡ. ಅಯ್ಯೋ ಕುಳ್ಳಾಯ್ತಲ್ಲ ಅಂತ ಮರುಗಿದರೆ ಅದಕ್ಕೇನೂ ಆಗೋದಿಲ್ಲ, ದಿನಾ ನೀರು ಹಾಕುವ ಒಂದು ಕೈ ಬೇಕು.

ಹಾಗಾಗಿ ಒಂದು ಸಣ್ಣ ಪ್ರಸ್ತಾವ. ಜನಪದ ಗೀತೆ, ಗಾದೆ ಸಂಗ್ರಹಿಸಿದ ಹಾಗೆ ನಾವು ಕುಂಡಗಳನ್ನೂ ಸಂಗ್ರಹಿಸಬಹುದು. ಪ್ರತಿ ಗಿಡಕ್ಕೆ ಮೂರೇ ಪ್ರಶ್ನೆ: ಇದನ್ನು ನಿಮ್ಮ ಮನೆಯಲ್ಲಿ ಏನಂತ ಕರೀತೀರಿ? ಯಾರು ಕೊಟ್ಟರು? ನೀವು ಯಾರಿಗೆ ಕೊಟ್ಟಿರಿ? ಮೊದಲನೆಯದರಿಂದ ಪದಕೋಶ ಬರುತ್ತೆ. ಎರಡನೆಯ, ಮೂರನೆಯ ಉತ್ತರಗಳನ್ನು ಜೋಡಿಸಿದರೆ ಮದುವೆ, ವಲಸೆ, 1970ರ ದಶಕದಿಂದ ಸಿಪ್ಕಾಟ್ ಕಾರ್ಖಾನೆಗಳಿಗೆ ಬಂದವರ ಬಾಡಿಗೆ ಮನೆ, ನೆರೆಹೊರೆಯ ಜಾತಿ ಲೆಕ್ಕಾಚಾರ ಎಲ್ಲದರ ನಕ್ಷೆ ಸಿಗುತ್ತೆ. ಯಾರ ಮನೆಗೆ ಎಲೆ ಹೋಯಿತು, ಯಾರ ಮನೆಯ ಹೊಸಿಲಲ್ಲೇ ನಿಂತಿತು ಅನ್ನೋದೂ ಚರಿತ್ರೆಯೇ.

7. ಚರ್ಚೆಯಿಂದ

ಪ್ರಶ್ನೆ: ಇದು ಸಸ್ಯಶಾಸ್ತ್ರದವರು ಮಾಡಬೇಕಾದ ಕೆಲಸ ಅಲ್ಲವೇ?

ಉತ್ತರ: ನಮ್ಮ ಕುಂಡದ ಬ್ರಹ್ಮಕಮಲ ಹಿಮಾಲಯದ ಬ್ರಹ್ಮಕಮಲ ಅಲ್ಲ ಅಂತ ಸಸ್ಯಶಾಸ್ತ್ರ ಹೇಳುತ್ತೆ, ಅದು ಸರಿ. ಅಲ್ಲದಿದ್ದರೂ ಜನ ಆ ಹೆಸರನ್ನು ಯಾಕೆ ಕೊಟ್ಟರು, ಯಾಕೆ ಮಧ್ಯರಾತ್ರಿ ಎದ್ದು ಕೈ ಮುಗಿದರು ಅಂತ ಕೇಳಬೇಕಾದವರು ನಾವು.

ಪ್ರಶ್ನೆ: ಗಿಡ ಉಳಿದು ಪದ ಹೋದರೆ ನಷ್ಟ ಏನು? ತಮಿಳಿನಲ್ಲೂ ಪದ ಇದೆಯಲ್ಲ?

ಉತ್ತರ: ಇದೆ, ಚೆನ್ನಾಗಿಯೂ ಇದೆ. ಒಟ್ಟು ಅಂತ ಕಲಿತ ಮಗು ಕಸಿ ಕಟ್ಟೋದನ್ನೂ ಕಲಿಯುತ್ತೆ, ಕೆಲಸ ನಿಲ್ಲೋದಿಲ್ಲ. ಆದರೆ ‘ಎಲೆ ಬೇಡ, ಮರಿ ತಗೊಂಡು ಹೋಗು’ ಅಂತ ಅಜ್ಜಿ ಕನ್ನಡದಲ್ಲಿ ಹೇಳಿದಾಗ ಮೊಮ್ಮಗುವಿಗೆ ‘ಮರಿ’ ಅಂದರೆ ಏನು ಅಂತ ಗೊತ್ತಿರಬೇಕು. ಇಲ್ಲದಿದ್ದರೆ ಅದು ಎಲೆ ಕಿತ್ತುಕೊಂಡು ಹೋಗುತ್ತೆ. ಗಿಡ ಬರುತ್ತೆ, ಹಳದಿ ಅಂಚು ಬರೋದಿಲ್ಲ.