ಹಳೆಯ ಕಾರಿನ ಡ್ರಮ್ ಬ್ರೇಕು: ಸುಧಾರಣೆ ಮತ್ತು ಪಾಲನೆ

1948ರಲ್ಲಿ ಬ್ರಿಟನ್ನಿನಲ್ಲಿ ಹೊರಬಂದ ಮಾರಿಸ್ ಮೈನರ್ ಕಾರಿನ ನಾಲ್ಕೂ ಚಕ್ರಗಳಿಗೆ ಡ್ರಮ್ ಬ್ರೇಕುಗಳಿವೆ. ಪೆಡಲ್ ಒತ್ತಿದಾಗ ದ್ರವದ ಒತ್ತಡದಿಂದ ಬ್ರೇಕ್ ಶೂಗಳು ಹೊರಚಾಚಿ, ತಿರುಗುವ ಡ್ರಮ್ಮಿನ ಒಳಮೈಯನ್ನು ಉಜ್ಜುತ್ತವೆ. ದೀರ್ಘ ಇಳಿಜಾರಿನಲ್ಲಿ ಡ್ರಮ್ ಕಾದು ಹಿಗ್ಗಿದರೆ ಹಿಡಿತ ಸಡಿಲಗೊಂಡು ಪೆಡಲ್ ಆಳಕ್ಕಿಳಿಯುತ್ತದೆ.

1962ರಲ್ಲಿ ತಯಾರಕರು ಮುಂದಿನ ಡ್ರಮ್ಮುಗಳ ವ್ಯಾಸವನ್ನು 7 ಅಂಗುಲದಿಂದ 8ಕ್ಕೆ ಹೆಚ್ಚಿಸಿದರು. ಅದಕ್ಕೂ ಹಿಂದಿನ ಕಾರುಗಳಿಗೆ ಈ ಭಾಗಗಳ ಅಳವಡಿಕೆಯೇ ಸಹಜವಾದ ಸುಧಾರಣೆ. ನಾಲ್ಕೂ ಚಕ್ರಗಳಿಗೆ ಒಂದೇ ದ್ರವಮಾರ್ಗವಿರುವುದರಿಂದ ಒಂದೆಡೆ ಸೋರಿದರೂ ಕಾಲುಬ್ರೇಕು ಪೂರ್ತಿಯಾಗಿ ಕೈಕೊಡುತ್ತದೆ. ಎರಡು ಮಾರ್ಗಗಳ ಮಾಸ್ಟರ್ ಸಿಲಿಂಡರ್ ಈ ಅಪಾಯವನ್ನು ತಗ್ಗಿಸುತ್ತದೆ.

ಲೈನಿಂಗ್ ಸವೆದಂತೆ ಶೂಗಳ ಅಂತರವನ್ನು ಕೈಯಾರೆ ಸರಿಹೊಂದಿಸಬೇಕು. ಎಡಬಲ ಚಕ್ರಗಳ ಶೂಗಳನ್ನು ಒಟ್ಟಿಗೇ ಬದಲಿಸದಿದ್ದರೆ ಕಾರು ಒಂದು ಬದಿಗೆ ಎಳೆಯುತ್ತದೆ. ತೇವ ಹೀರುವ ಬ್ರೇಕ್ ದ್ರವವನ್ನು ಎರಡು ವರ್ಷಕ್ಕೊಮ್ಮೆ ಬದಲಿಸುವುದು ಒಳಿತು.

ಡ್ರಮ್ ಬಿಚ್ಚಿದಾಗ ಕಾಣುವ ಧೂಳನ್ನು ಎಂದಿಗೂ ಊದಬಾರದು. ಹಳೆಯ ಲೈನಿಂಗುಗಳಲ್ಲಿ ಆಸ್ಬೆಸ್ಟಾಸ್ ಇರುತ್ತಿತ್ತು. ಬ್ರಿಟನ್ 1999ರಲ್ಲಿ ಅದನ್ನು ನಿಷೇಧಿಸಿದರೂ, ವರ್ಷಾನುಗಟ್ಟಲೆ ನಿಂತ ಕಾರುಗಳಲ್ಲಿ ಅದು ಉಳಿದಿರಬಹುದು. ಉಸಿರಿನೊಡನೆ ಒಳಸೇರಿದ ಅದರ ಎಳೆಗಳು ದಶಕಗಳ ಬಳಿಕ ಶ್ವಾಸಕೋಶದ ಹೊದಿಕೆಯ ಕ್ಯಾನ್ಸರಿಗೆ ಕಾರಣವಾಗಬಲ್ಲವು. ಆದ್ದರಿಂದ ಪಿ3 ದರ್ಜೆಯ ಮುಖಗವಸು ಧರಿಸಿ, ಧೂಳನ್ನು ನೆನೆಸಿ, ಒದ್ದೆ ಬಟ್ಟೆಯಿಂದ ಒರೆಸಿ, ಆ ಬಟ್ಟೆಯನ್ನು ಚೀಲದಲ್ಲಿ ಬಿಗಿಯಾಗಿ ಕಟ್ಟಿ ವಿಲೇವಾರಿ ಮಾಡಬೇಕು.