ಬೋಟಿಲ್ಲದ ಕೆನಾಲ್

"ನಿಮ್ಮೂರಾಗ ಕೆನಾಲ್ ಅದಾವೇನು ಅಪ್ಪಾ?"

"ಅದಾವಲ್ಲ. ನಮ್ಮ ಹೊಲದ ಹಂತೇಕನ ಹಾದು ಹೋಗ್ತದ."

"ಬೋಟ್ ಹೋಗ್ತಾವ?"

"ಇಲ್ಲ."

"ಬೋಟ್ ಇಲ್ಲಂದ್ರ ಕೆನಾಲ್ ಯಾಕ ಮತ್ತ?"

ಮ್ಯಾಂಚೆಸ್ಟರಿನಲ್ಲಿ ಹುಟ್ಟಿದ ಮಗಳಿಗೆ ಈ ಅನುಮಾನ ಬಂದದ್ದು ಸಹಜವೇ. ಇಲ್ಲಿ ಕಾಲುವೆ ಎಂದರೆ ಬಣ್ಣ ಬಳಿದ ಉದ್ದನೆಯ ದೋಣಿಗಳು, ಬಾತುಕೋಳಿಗಳು, ತಳ್ಳುಗಾಡಿಯಲ್ಲಿ ಕೂಸು ಮಲಗಿಸಿಕೊಂಡು ನಡೆಯುವ ತಾಯಂದಿರು. ಮೂಡಲಗಿ ಸೀಮೆಯಲ್ಲಿ ಬೆಳೆದ ನನಗೆ ಕಾಲುವೆ ಎಂದರೆ ನೀರಿನ ಪಾಳಿ, ಕಬ್ಬಿನ ಗದ್ದೆ, ಮತ್ತು "ಜಿಎಲ್‌ಬಿಸಿಗೆ ನೀರು ಬಿಟ್ಟಾರಂತ" ಎಂಬ ಸುದ್ದಿ ಬಂದ ದಿನದ ಗಡಿಬಿಡಿ. ಘಟಪ್ರಭಾ ಎಡದಂಡೆ ಕಾಲುವೆಯನ್ನು ಊರಿನವರು ಪೂರ್ತಿ ಹೆಸರಿನಿಂದ ಕರೆದದ್ದನ್ನು ನಾನಂತೂ ಕೇಳಿಲ್ಲ.

ಇಲ್ಲಿನ ನಮ್ಮ ಕನ್ನಡ ಸಂಘಕ್ಕೆ ಹೊಸದಾಗಿ ಬಂದವರಿಗೆ ನಾನು ಮೊದಲು ಹೇಳುವುದು ವರ್ಸ್ಲಿಯ ನಡಿಗೆ. ಬ್ರಿಜ್‌ವಾಟರ್ ಕಾಲುವೆಯ ದಂಡೆ ಹಿಡಿದು ವರ್ಸ್ಲಿಯಿಂದ ಮಾಂಟನ್ ದಾಟಿ ಬಾರ್ಟನ್‌ವರೆಗೆ ಆರಾಮವಾಗಿ ಹೋಗಬಹುದು. ಏರಿಲ್ಲ, ಇಳಿಜಾರಿಲ್ಲ. ಊರಿಂದ ಬಂದ ಹಿರಿಯರೂ ಮೊಣಕಾಲು ಹಿಡಿದುಕೊಳ್ಳದೆ ನಡೆಯುತ್ತಾರೆ. 1761ರಲ್ಲಿ ಈ ಕಾಲುವೆ ತೆರೆದದ್ದು, ಬ್ರಿಜ್‌ವಾಟರಿನ ಮೂರನೆಯ ಡ್ಯೂಕ್ ತನ್ನ ಗಣಿಯ ಕಲ್ಲಿದ್ದಲನ್ನು ಪೇಟೆಗೆ ಸಾಗಿಸಲು ಇದನ್ನು ಕಟ್ಟಿಸಿದ್ದು, ಅದರಿಂದ ಮ್ಯಾಂಚೆಸ್ಟರಿನಲ್ಲಿ ಇದ್ದಲಿನ ಬೆಲೆ ಅರ್ಧಕ್ಕೆ ಇಳಿದದ್ದು, ಆಮೇಲೆ ಹತ್ತಿ ಗಿರಣಿಗಳು ಎದ್ದದ್ದು ಇಲ್ಲಿ ಶಾಲೆಗೆ ಹೋಗುವ ನಿಮ್ಮ ಮಕ್ಕಳಿಗೇ ಗೊತ್ತು. ಅದನ್ನು ಇಲ್ಲಿ ಬೆಳೆಸುವುದಿಲ್ಲ.

ನನ್ನನ್ನು ಹಿಡಿದು ನಿಲ್ಲಿಸಿದ್ದು ವರ್ಸ್ಲಿಯ ಡೆಲ್ಫ್ ಎಂಬ ಜಾಗದ ಬಂಡೆಯಲ್ಲಿ ಕಾಣುವ ತಗ್ಗು ಬಾಯಿ. ಅದರೊಳಗೆ, ನೆಲದ ಅಡಿಯಲ್ಲಿ, ಇನ್ನೊಂದು ಕಾಲುವೆ ಜಾಲವಿದೆ. ನಾಲ್ಕು ಮಟ್ಟಗಳಲ್ಲಿ ಸುಮಾರು 74 ಕಿಲೋಮೀಟರ್! ಗಣಿಯಲ್ಲಿ ಒಸರುವ ನೀರು ಪೀಡೆಯಾಗಿತ್ತು. ಅದೇ ನೀರನ್ನು ದಾರಿ ಮಾಡಿಕೊಂಡು ಇದ್ದಲನ್ನು ದೋಣಿಯಲ್ಲೇ ಹೊರತಂದರು. ಕಿರಿದಾದ ಆ ದೋಣಿಗಳಿಗೆ ಒಳಗಿನ ಪಕ್ಕೆಲುಬುಗಳಂಥ ಮರದ ತೊಲೆಗಳು ಎದ್ದು ಕಾಣುತ್ತಿದ್ದುದರಿಂದ 'ಸ್ಟಾರ್ವೇಷನರ್' ಎಂಬ ಹೆಸರು ಬಿತ್ತು, ಉಪವಾಸ ಬಿದ್ದವುಗಳೆಂದು. ಗಣಿಯೊಳಗಿನ ಕಬ್ಬಿಣದ ಅಂಶ ಇಂದಿಗೂ ನೀರಿನ ಜೊತೆ ಹರಿದು ಬಂದು ವರ್ಸ್ಲಿಯ ಕಾಲುವೆಗೆ ಕಾವಿ ಬಣ್ಣ ಕೊಡುತ್ತದೆ. ಶುದ್ಧೀಕರಣದ ಘಟಕ ಬಂದ ಮೇಲೆ ಮೊದಲಿನಷ್ಟು ಗಾಢವಿಲ್ಲ.

ನಡಿಗೆಯ ಆ ಕೊನೆಗಿರುವ ಬಾರ್ಟನ್ ಮಕ್ಕಳಿಗೆ ಇನ್ನೂ ಮೋಜು. ಅಲ್ಲಿ ಕಾಲುವೆ ಒಂದು ಸೇತುವೆಯ ಮೇಲೆ ಹರಿದು ಕೆಳಗಿನ ನೀರನ್ನು ದಾಟುತ್ತದೆ. ಮೊದಲ ಸೇತುವೆಯನ್ನು ಕಲ್ಲಿನಲ್ಲಿ ಕಟ್ಟಿದವನು ಜೇಮ್ಸ್ ಬ್ರಿಂಡ್ಲಿ, ಓದು ಬರಹ ಅಷ್ಟಕ್ಕಷ್ಟೇ ಇದ್ದ ಗಿರಣಿ ಮೇಸ್ತ್ರಿ. ಸಂಸತ್ತಿನ ಸಮಿತಿಯ ಮುಂದೆ ಚೀಸ್ ಗಡ್ಡೆಯನ್ನು ಕೊರೆದು ಸೇತುವೆಯ ಮಾದರಿ ತೋರಿಸಿದನೆಂಬ ಕಥೆಯಿದೆ. ನಿಜವೋ ಸುಳ್ಳೋ, ಕಥೆ ಚೆನ್ನಾಗಿದೆ. ಮುಂದೆ ದೊಡ್ಡ ಹಡಗುಗಳ ಕಾಲುವೆ ಬಂದಾಗ ಆ ಕಲ್ಲು ಸೇತುವೆ ಅಡ್ಡಿಯಾಯಿತು. ಅದನ್ನು ಕೆಡವಿ, 1894ರಲ್ಲಿ ತಿರುಗುವ ಉಕ್ಕಿನ ಸೇತುವೆ ತೆರೆದರು. ಎರಡೂ ತುದಿಗೆ ಬಾಗಿಲು ಮುಚ್ಚಿ, ಸುಮಾರು 800 ಟನ್ ನೀರನ್ನು ಹೊತ್ತುಕೊಂಡೇ ಆ ತೊಟ್ಟಿ ತಿರುಗಿ ಹಡಗಿಗೆ ದಾರಿ ಬಿಡುತ್ತದೆ.

ಈಗ ಮಗಳ ಪ್ರಶ್ನೆಗೆ ಬರೋಣ. ಬ್ರಿಜ್‌ವಾಟರ್ ಕಾಲುವೆಯ ನೀರು ಹರಿಯಬಾರದು. ಹರಿದರೆ ದೋಣಿ ಎಳೆಯುವ ಕುದುರೆಗೆ ಕಷ್ಟ, ಎದುರು ಬರುವ ದೋಣಿಗೂ ಕಷ್ಟ. ಅದಕ್ಕೇ ಬ್ರಿಂಡ್ಲಿ ಗುಡ್ಡ ತಗ್ಗು ಸುತ್ತಿ ಬಳಸಿ ಮೈಲಿಗಟ್ಟಲೆ ಒಂದೇ ಮಟ್ಟ ಕಾದುಕೊಂಡ. ದಂಡೆಯ ಈ ಸಪಾಟು ದಾರಿ ಕುದುರೆಗಾಗಿ ಮಾಡಿದ್ದು. ನಮ್ಮ ತಳ್ಳುಗಾಡಿಗಳು ಆಮೇಲೆ ಬಂದವು. ನಮ್ಮೂರ ಕೆನಾಲಿನದು ಇದಕ್ಕೆ ತದ್ವಿರುದ್ಧ. ಅಲ್ಲಿ ನೀರು ನಿಂತರೆ ಕೊನೆಯ ಹೊಲದವನು ಕೆಟ್ಟ. ಮೊದಲ ತೂಬಿನಿಂದ ಕಡೆಯ ತೂಬಿನವರೆಗೆ ಸಣ್ಣ ಇಳಿಜಾರು ತಪ್ಪದಂತೆ ಒಯ್ಯಬೇಕು. ಇಳಿಜಾರು ಹೆಚ್ಚಾದರೆ ದಂಡೆ ಕೊಚ್ಚುತ್ತದೆ, ಕಡಿಮೆಯಾದರೆ ಹೂಳು ತುಂಬುತ್ತದೆ. ದಂಡೆಯ ಮೇಲಿನ ದಾರಿ ನೀರಾವರಿ ಇಲಾಖೆಯ ಜೀಪಿಗೆ ಮತ್ತು ತೂಬು ನೋಡುವವರ ಸೈಕಲ್ಲಿಗೆ. ಎರಡೂ ಕಡೆ ನಾವು ನಡೆಯುವುದು ಬೇರೆ ಯಾರಿಗೋ ಮಾಡಿದ ದಾರಿಯಲ್ಲೇ.

ಕಳೆದ ರಜೆಯಲ್ಲಿ ಊರಿಗೆ ಹೋದಾಗ ಮಗಳನ್ನು ಈ ಕೆನಾಲಿನ ತಲೆಗೇ ಕರೆದುಕೊಂಡು ಹೋದೆ. ಗೋಕಾಕ ತಾಲೂಕಿನ ಧೂಪದಾಳ, ಘಟಪ್ರಭಾ ರೈಲು ನಿಲ್ದಾಣದ ಹತ್ತಿರ. ನದಿಗೆ ಅಡ್ಡಲಾಗಿ ಬ್ರಿಟಿಷರ ಕಾಲದ ಕಲ್ಲಿನ ಒಡ್ಡು. 1876-78ರ ಭೀಕರ ಬರದ ನಂತರದ ದಶಕಗಳಲ್ಲಿ ಕೈಗೂಡಿದ ಕೆಲಸ. 1897ರ ಹೊತ್ತಿಗೆ ಇಲ್ಲಿಂದ 71 ಕಿಲೋಮೀಟರ್ ಕಾಲುವೆ ಆಗಿತ್ತು. ಹುಕ್ಕೇರಿ ತಾಲೂಕಿನ ಹಿಡಕಲ್ಲಿನಲ್ಲಿ ದೊಡ್ಡ ಅಣೆಕಟ್ಟು ಬಂದದ್ದು ಸ್ವಾತಂತ್ರ್ಯದ ನಂತರ. ವಂಟಮುರಿಯ ರಾಜಾ ಲಖಮಗೌಡರ ಹೆಸರು ಹೊತ್ತ ಆ ಜಲಾಶಯದಲ್ಲಿ 51 ಟಿಎಂಸಿ ನೀರು ನಿಲ್ಲುತ್ತದೆ; ಎಡದಂಡೆ ಕಾಲುವೆ 109 ಕಿಲೋಮೀಟರಿಗೆ ಬೆಳೆಯಿತು, ಬಲದಂಡೆಯಲ್ಲಿ 202 ಕಿಲೋಮೀಟರಿನ ಇನ್ನೊಂದು ಹುಟ್ಟಿತು.

ಧೂಪದಾಳದ ಹಿನ್ನೀರು 1974ರಿಂದ ಪಕ್ಷಿಧಾಮ. ಚಳಿಗಾಲದ ಬೆಳಗಿನ ಹೊತ್ತು ಹೋದರೆ ಉತ್ತರದ ದೇಶಗಳಿಂದ ಬಂದ ಡೆಮಾಯ್ಸೆಲ್ ಕೊಕ್ಕರೆಗಳು ಸಿಕ್ಕರೂ ಸಿಗಬಹುದು. ಆದರೆ ಮಗಳು ಹಕ್ಕಿಯನ್ನು ನೋಡಲಿಲ್ಲ, ಕೆನಾಲಿನ ನೀರಿನಲ್ಲಿ ಒಂದು ಕಡ್ಡಿ ಎಸೆದು ಅದರ ಬೆನ್ನು ಹತ್ತಿ ದಂಡೆಯ ಮೇಲೆ ಓಡಿದಳು. ಓಡಿ ಓಡಿ ಸೋತಳು. "ಅಪ್ಪಾ, ಇದು ನಿಲ್ಲಾಂಗಿಲ್ಲ!" ನನ್ನ ಇಳಿಜಾರಿನ ಪಾಠಕ್ಕಿಂತ ಆ ಕಡ್ಡಿ ಹೆಚ್ಚು ಕಲಿಸಿತು.

ಅಲ್ಲಿಂದ ಗೋಕಾಕ ಜಲಪಾತ ದೂರವಿಲ್ಲ. ಘಟಪ್ರಭೆ 52 ಮೀಟರ್ ಆಳಕ್ಕೆ ಧುಮುಕುವ ಜಾಗ, ತೂಗುಸೇತುವೆ, ದಂಡೆಯ ಚಾಲುಕ್ಯರ ಕಾಲದ ಮಹಾಲಿಂಗೇಶ್ವರ ಗುಡಿ ಎಲ್ಲರೂ ಕಂಡದ್ದೇ. ನನ್ನ ಕಣ್ಣು ಹೋದದ್ದು ಪಕ್ಕದ ನೂಲಿನ ಗಿರಣಿಯ ಕಡೆಗೆ. 1885ರಲ್ಲಿ ಕಂಪನಿ ಸ್ಥಾಪನೆ, 1887ರಲ್ಲಿ ಕೆಲಸ ಶುರು. ಜಲಪಾತದ ಮೇಲೆ ನೀರು ತಿರುಗಿಸಿ, ಕಣಿವೆಯ ಬುಡದಲ್ಲಿ ಚಕ್ರ ತಿರುಗಿಸಿ, ಅದರ ಬಲದಿಂದ ನೂಲು. ವರ್ಸ್ಲಿಯ ನೆಲದಡಿಯ ಕಾಲುವೆಗಳಲ್ಲಿ ಇದ್ದಲು ಸಾಗಣೆ ನಿಂತದ್ದೂ 1887ರಲ್ಲೇ. ಇದನ್ನು ಕಂಡ ದಿನ ನನಗೆ ರೋಮಾಂಚನವಾಯಿತು: ಇಲ್ಲಿ ದೀಪ ಆರಿದ ವರ್ಷವೇ ಅಲ್ಲಿ ಹೊತ್ತಿತಲ್ಲ ಎಂದು! ಒಂದು ಕಪ್ ಚಹಾ ಮುಗಿಯುವಷ್ಟರಲ್ಲಿ ಆ ಉತ್ಸಾಹ ಇಳಿಯಿತು. ಒಂದಕ್ಕೂ ಇನ್ನೊಂದಕ್ಕೂ ಏನೂ ಸಂಬಂಧವಿಲ್ಲ, ಇಸವಿ ಮಾತ್ರ ಒಂದೇ. ಕೈಬಿಟ್ಟೆ.

ಆದರೆ ಹತ್ತಿಯ ನಂಟು ಗಟ್ಟಿಯಾದದ್ದು. ಅಮೆರಿಕದ ಅಂತರ್ಯುದ್ಧದಿಂದ, 1861ರಿಂದ 65ರವರೆಗೆ, ಲ್ಯಾಂಕಶೈರಿಗೆ ಬರುತ್ತಿದ್ದ ಹತ್ತಿ ನಿಂತಿತು. ಈ ಕಾಲುವೆಗಳ ದಂಡೆಯ ಗಿರಣಿಗಳು ಮುಚ್ಚಿ ಕೂಲಿಗಳು ಗಂಜಿಗೆ ಸಾಲು ನಿಂತರು. ಇದರ ಮುನ್ಸೂಚನೆ ಮ್ಯಾಂಚೆಸ್ಟರಿನ ವ್ಯಾಪಾರಿಗಳಿಗೆ ಇತ್ತು. 1857ರಲ್ಲೇ ಅವರು ಹತ್ತಿ ಪೂರೈಕೆಯ ಸಂಘ ಕಟ್ಟಿಕೊಂಡಿದ್ದರು. ಅದರ ಹಿಂದೆ ಮ್ಯಾಂಚೆಸ್ಟರ್ ಕಾಟನ್ ಕಂಪನಿ ಬಂತು. ಆ ಕಂಪನಿ ಕಣ್ಣಿಟ್ಟದ್ದು ಎಲ್ಲಿ ಗೊತ್ತೇ? ನಮ್ಮ ಧಾರವಾಡದ ಮೇಲೆ. 1840ರ ದಶಕದಿಂದಲೇ ಅಲ್ಲಿನ ಎರೆಹೊಲಗಳಲ್ಲಿ ಅಮೆರಿಕದ ತಳಿಯ ಹತ್ತಿ ಬೆಳೆಯುತ್ತಿತ್ತು, ಧಾರವಾಡ-ಅಮೆರಿಕನ್ ಎಂದೇ ಅದು ಇಲ್ಲಿನ ಪೇಟೆಗಳಲ್ಲಿ ಹೆಸರಾಗಿತ್ತು.

ಕಂಪನಿಯ ಪರವಾಗಿ ಜಿ. ಆರ್. ಹೇವುಡ್ ಎಂಬಾತ ಭಾರತಕ್ಕೆ ಬಂದು ತಿರುಗಾಡಿದ, 1862ರಲ್ಲಿ ಹತ್ತಿಯ ಬಗ್ಗೆ ಪುಸ್ತಕವನ್ನೂ ತಂದ. ಇವರ ಯೋಜನೆ ಸರಳ: ಮುಂಬಯಿಯ ಸುತ್ತು ದಾರಿ ಬಿಟ್ಟು, ಧಾರವಾಡದ ಹತ್ತಿಯನ್ನು ಘಟ್ಟ ಇಳಿಸಿ ಕಾರವಾರದ ಬಳಿ ಕಾಳಿ ನದಿಯ ಮುಖದ ಸದಾಶಿವಗಡಕ್ಕೆ ತರುವುದು, ಅಲ್ಲೇ ಯಂತ್ರದಲ್ಲಿ ಅದುಮಿ ಹಡಗಿಗೆ ಹಾಕುವುದು. 1862ರಲ್ಲಿ ಉತ್ತರ ಕನ್ನಡ ಜಿಲ್ಲೆ ಮದರಾಸು ಪ್ರಾಂತದಿಂದ ಮುಂಬಯಿ ಪ್ರಾಂತಕ್ಕೆ ಸೇರಿತಲ್ಲ, ಅದರ ಹಿಂದೆಯೂ ಕಾರವಾರದ ಈ ಬಂದರಿನ ಒತ್ತಾಯವಿತ್ತು. ನಮ್ಮ ಒಂದು ಇಡೀ ಜಿಲ್ಲೆಯ ಹಣೆಬರಹ ಮ್ಯಾಂಚೆಸ್ಟರಿನ ಲೆಕ್ಕದ ಮೇಜಿನ ಮೇಲೂ ಒಂದಿಷ್ಟು ಬರೆಯಲ್ಪಟ್ಟಿತು ಎಂದರೆ ಉತ್ಪ್ರೇಕ್ಷೆಯಲ್ಲ. ಇಷ್ಟೆಲ್ಲ ಆಗಿಯೂ ಘಟ್ಟದ ರಸ್ತೆ, ಕಡಲ ಧಕ್ಕೆ ಎರಡೂ ವೇಳೆಗೆ ಸಿದ್ಧವಾಗಲಿಲ್ಲ. ಕಂಪನಿ ಹೆಚ್ಚು ಕಾಲ ಬಾಳಲಿಲ್ಲ. ಯುದ್ಧ ಮುಗಿಯುತ್ತಲೇ ಹತ್ತಿಯ ಬೆಲೆಯೂ ಕುಸಿಯಿತು.

ಇಪ್ಪತ್ತೈದು ವರ್ಷ ಕಳೆಯುವುದರೊಳಗೆ ಘಟಪ್ರಭೆಯ ದಂಡೆಯಲ್ಲೇ ಗಿರಣಿ ಎದ್ದಿತು. ಹತ್ತಿ ಬೆಳೆಯುವ ಸೀಮೆಯ ನಡುವೆಯೇ ನೂಲು. ನಮ್ಮವರ ಸಾಹಸ ಎಂದು ಬೀಗುವಂತಿಲ್ಲ, ಅದರ ಹಿಂದೆಯೂ ಮುಂಬಯಿಯ ಬ್ರಿಟಿಷ್ ಕಂಪನಿಯೇ. ಆದರೂ ಮ್ಯಾಂಚೆಸ್ಟರಿಗೆ ಬೇಡದ ಪೈಪೋಟಿ ಅದು.

ಆ ಹತ್ತಿ ಈಗ ಕೆನಾಲಿನ ಬದಿಯಲ್ಲಿ ಹುಡುಕಿದರೂ ಸಿಗುವುದು ಕಷ್ಟ. ನೀರು ಬಂದ ಕಡೆ ಕಬ್ಬು ಬಂತು. ಗೋಕಾಕ, ಮೂಡಲಗಿ, ಸಂಕೇಶ್ವರ, ಎಲ್ಲಿ ನೋಡಿದರೂ ಅದೇ. ಎರೆಮಣ್ಣಿಗೆ ಮಿತಿಮೀರಿ ನೀರು ಹಾಯಿಸಿ ಸವಳು-ಜವಳಾದ ಹೊಲಗಳೂ ಇವೆ. ದಂಡೆಯ ಕೆಳಗಿನ ತುಂಡು ನೆಲದಲ್ಲಿ ಬೆಳ್ಳಗೆ ಉಪ್ಪು ಬಿಟ್ಟದ್ದನ್ನು ಕಂಡು ಮಗಳು "ಐಸ್ ಬಿದ್ದದೇನು?" ಎಂದಳು. ಜೊತೆಗಿದ್ದ ನಮ್ಮಣ್ಣ ನಕ್ಕ, ನನಗೆ ನಗು ಬರಲಿಲ್ಲ.

ಊರಿಗೆ ಹೋಗುವ ಸಂಘದ ಗೆಳೆಯರಿಗೆ ಕೆಲವು ಮಾತು. ವರ್ಸ್ಲಿಯ ಧೈರ್ಯದಲ್ಲಿ ಕೆನಾಲಿನ ದಂಡೆಗೆ ಮಕ್ಕಳನ್ನು ಬಿಡಬೇಡಿ. ನೀರು ಬಿಟ್ಟಾಗ ಸೆಳೆತ ಜೋರು, ಸಿಮೆಂಟ್ ಹಾಕಿದ ಇಳಿಜಾರಿನಲ್ಲಿ ಬಿದ್ದವರಿಗೆ ಹಿಡಿಯಲು ಏನೂ ಸಿಗುವುದಿಲ್ಲ. ಕಬ್ಬು ನುರಿಸುವ ಕಾಲದಲ್ಲಿ ಎರಡೆರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರುಗಳು ಅದೇ ದಾರಿಗೆ ಬರುತ್ತವೆ, ಮುಂಜಾನೆ ಬೇಗ ನಡೆದು ಮುಗಿಸಿ. ಜಲಪಾತದ ಅಬ್ಬರ ಬೇಕಿದ್ದರೆ ಜುಲೈ, ಆಗಸ್ಟ್. ಬಂಡೆ ಪೂರ್ತಿ ಜಾರುತ್ತದೆ, ದೂರ ನಿಂತು ನೋಡಿ. ನೆರಳಿನ ನಡಿಗೆ ಬೇಕಿದ್ದರೆ ಮಾರ್ಕಂಡೇಯ ನದಿ ಎರಡು ಹಂತಗಳಲ್ಲಿ ಧುಮುಕುವ ಗೊಡಚಿನಮಲ್ಕಿಗೆ ಹೋಗಿ. ಹುಕ್ಕೇರಿ ಕಡೆ ಬಂಧುಗಳಿದ್ದರೆ ಬೇಸಿಗೆಯ ಕೊನೆಗೆ ಹಿಡಕಲ್ ಹಿನ್ನೀರಿನತ್ತ ಹೊರಡಿ. ನೀರು ಸಾಕಷ್ಟು ಇಳಿದ ವರ್ಷ, ಮುಳುಗಿದ ಹುನ್ನೂರಿನ ವಿಠ್ಠಲನ ಗುಡಿ ಮೇಲೆ ಕಾಣುತ್ತದೆ, ಸುತ್ತಲಿನ ಹಳ್ಳಿಗಳ ಜನ ಬುತ್ತಿ ಕಟ್ಟಿಕೊಂಡು ಬರುತ್ತಾರೆ. ಹೋಗುವ ಮೊದಲು ಊರಿಗೊಂದು ಫೋನ್ ಮಾಡಿ ನೀರೆಷ್ಟಿದೆ ಎಂದು ಕೇಳಿಕೊಳ್ಳಿ. ಮಳೆ ಒಂದು ವಾರ ಮೊದಲು ಬಂದರೂ ವಿಠ್ಠಲ ಮತ್ತೆ ನೀರೊಳಗೆ.